ರೇಂಜ್ ಗುಡ್ಡೆಯಿಂದ ಕಂಡ ನೀಲಿ ಗಸಗಸೆ

ಆ ಗಿಡದ ಮೊದಲ ಫೋಟೋ ಮೊಬೈಲಿಗೆ ಬಂದಾಗ ನಾನು ಕಡಬದ ಹತ್ತಿರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಂಟನೇ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕಳುಹಿಸಿದವನು ನನ್ನ ತಮ್ಮ. ಅವನು ಹಿಮಾಚಲದ ಮೇಲಿನ ಒಂದು ಕಣಿವೆಯಲ್ಲಿ, ರಸ್ತೆ ಅಗಲ ಮಾಡುವ ಕಂಟ್ರಾಕ್ಟರನ ಕೈಕೆಳಗೆ ಮಣ್ಣು ಅಗೆಯುವ ಯಂತ್ರ ಓಡಿಸುತ್ತಾನೆ. ಫೋಟೋದ ಕೆಳಗೆ ಬರೆದಿದ್ದ: ‘ಅಕ್ಕ, ಇದು ಎಂತ ಗಿಡ? ಮೈಯಿಡೀ ಮುಳ್ಳು. ಕೈಗೆ ಚುಚ್ಚಿತು.’

ಬಂಡೆಗಳ ಸಂದಿನಲ್ಲಿ, ಜಲ್ಲಿ ಸುರಿದ ಹಾಗಿದ್ದ ನೆಲದಲ್ಲಿ ಒಂದು ಮೊಣಕಾಲೆತ್ತರದ ಗಿಡ. ಬುಡದ ಸುತ್ತ ಹರಡಿದ, ಅಂಚು ಹರಿದಂತಿರುವ ಎಲೆಗಳು. ಎಲೆ, ದಂಟು, ತೊಟ್ಟು ಎಲ್ಲದರ ಮೇಲೂ ಒಣಹುಲ್ಲಿನ ಬಣ್ಣದ ಮುಳ್ಳು. ದಂಟಿನುದ್ದಕ್ಕೂ ಒಂದಷ್ಟು ಮೊಗ್ಗು, ಎಲ್ಲವೂ ತಲೆ ಕೆಳಗೆ ಹಾಕಿಕೊಂಡು. ಹೂ ಒಂದೂ ಅರಳಿರಲಿಲ್ಲ. ಬೆರಳಿನಿಂದ ಫೋಟೋ ದೊಡ್ಡದು ಮಾಡಿದೆ. ತುದಿಯ ಮೊಗ್ಗಿನ ಚಿಪ್ಪು ಒಂದು ಕಡೆ ಸಣ್ಣಗೆ ಬಿರಿದಿತ್ತು. ಬಿರುಕಿನಲ್ಲಿ ನೂಲಿನಷ್ಟು ನೀಲಿ.

ಕೆಂಪು ಪೆನ್ನು ಕೆಳಗಿಟ್ಟೆ. ಪಕ್ಕದಲ್ಲಿ ಕೂತಿದ್ದ ಗಣಿತದ ಟೀಚರ್ ಕೇಳಿದರು, “ಎಂತ, ಮನೆಯಲ್ಲಿ ಎಲ್ಲ ಸೌಖ್ಯವಾ?” ನನ್ನ ಮುಖ ಹಾಗಾಗಿತ್ತಂತೆ.

“ಸೌಖ್ಯ. ತಮ್ಮನ ಹತ್ತಿರ ಒಂದು ಹೂ ಉಂಟು,” ಎಂದೆ.

ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನು ಮೊದಲನೆಯವಳು. ಇದನ್ನು ಹೇಳುವಾಗ ಧ್ವನಿ ತಗ್ಗಿಸುವ ಅಭ್ಯಾಸ ನನಗಿಲ್ಲ. ಮರ್ಕಂಜದ ನಮ್ಮ ಮನೆಯಿಂದ ಪುತ್ತೂರಿನ ಕಾಲೇಜಿಗೆ ಹೋಗಬೇಕಾದರೆ ನಸುಕಿನಲ್ಲಿ ಟಾರ್ಚು ಹಿಡಿದು ರಸ್ತೆಗೆ ಬಂದು, ಸುಳ್ಯದಲ್ಲಿ ಬಸ್ಸು ಬದಲಿಸಬೇಕು. ಅಪ್ಪ ಅಮ್ಮ ಇಬ್ಬರೂ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್, ಎಂದರೆ ಮರ ಗೀರಿ ಹಾಲು ಇಳಿಸುವ ಕೆಲಸ, ಮಾಡುವವರು. ಹಾಗಾಗಿ ನಸುಕಿನಲ್ಲಿ ಏಳುವುದು ನಮ್ಮ ಮನೆಯಲ್ಲಿ ಯಾರಿಗೂ ಕಷ್ಟವಲ್ಲ. ಕಷ್ಟ ಇದ್ದದ್ದು ಗಿಡಗಳ ಲ್ಯಾಟಿನ್ ಹೆಸರುಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಹೋದವಳು ನಾನು. ಆ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಒಮ್ಮೆ ಕಂಡಕ್ಟರ್ ಟಿಕೆಟ್ ಹರಿಯುತ್ತಾ, “ಅದೆಂತ ಮಂತ್ರ ತಂಗಿ? ಮಳೆ ಬರ್ಲಿಕ್ಕಾ, ನಿಲ್ಲಿಕ್ಕಾ?” ಎಂದು ಕೇಳಿದ್ದರು. ಇಡೀ ಬಸ್ಸು ನಕ್ಕಿತ್ತು. ನಾನು ಮುಂದಿನ ಹೆಸರಿಗೆ ಹೋದೆ.

ಎರಡನೇ ವರ್ಷದಲ್ಲಿ ಗಸಗಸೆಯ ಕುಟುಂಬದ ಪಾಠ ಬಂತು. ಪುಸ್ತಕದಲ್ಲಿ ಅದರ ಹೆಸರು ಪಪಾವರೇಸಿ. ನಮ್ಮ ಸಸ್ಯಶಾಸ್ತ್ರದ ಸರ್ ಗಿಡ ತೋರಿಸದೆ ಪಾಠ ಮಾಡುವವರಲ್ಲ. ನಮ್ಮೆಲ್ಲರನ್ನೂ ಕಬಕಕ್ಕೆ ಕರೆದುಕೊಂಡು ಹೋಗಿ ರೈಲು ಹಳಿಯ ಬದಿಯಲ್ಲಿ ನಿಲ್ಲಿಸಿದರು. ಅಲ್ಲಿ ಕಲ್ಲುಗಳ ಎಡೆಯಲ್ಲಿ ಹಳದಿ ಹೂ ಬಿಟ್ಟ ಒಂದು ಮುಳ್ಳಿನ ಕಳೆ. ಅರಸಿನ ದತ್ತೂರಿ ಎನ್ನುತ್ತಾರೆ. ಹೆಸರು ಹಾಗಿದ್ದರೂ ಅದಕ್ಕೂ ದತ್ತೂರಕ್ಕೂ ಸಂಬಂಧ ಇಲ್ಲ, ಅದು ಗಸಗಸೆಯ ಪೈಕಿ. ಸರ್ ದಂಟು ಮುರಿದರು. ಹಳದಿ ಹಾಲು ಬಂತು. ಆಮೇಲೆ ಮೊಗ್ಗು ತೋರಿಸಿದರು. ಮೊಗ್ಗಿನ ಮೇಲೆ ಟೊಪ್ಪಿಯಂಥ ಹಸಿರು ಚಿಪ್ಪುಗಳಿದ್ದವು. ಹೂ ಅರಳುವ ಹೊತ್ತಿಗೆ ಅವು ಕಳಚಿ ಬಿದ್ದುಹೋಗುತ್ತವೆ; ಅರಳಿದ ಹೂವಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ದಾಸವಾಳದಲ್ಲಾಗಲಿ ಬದನೆಯಲ್ಲಾಗಲಿ ಹೂವಿನ ಕೆಳಗೆ ಆ ಹಸಿರು ಉಳಿದೇ ಇರುತ್ತದೆ. ಇಲ್ಲಿ ಇಲ್ಲ.

ಕ್ಲಾಸಿಗೆ ವಾಪಸು ಬಂದ ಮೇಲೆ ಸರ್ ಲೈಬ್ರರಿಯ ಒಂದು ದಪ್ಪ ಪುಸ್ತಕ ತೆರೆದು ಬಣ್ಣದ ಚಿತ್ರ ತೋರಿಸಿದರು. ಅದೇ ಮುಳ್ಳು, ಅದೇ ಟೊಪ್ಪಿ, ಅದೇ ತರ ಕಲ್ಲಿನ ಎಡೆ. ಹೂ ಮಾತ್ರ ನೀಲಿ. “ಇದು ಹಿಮಾಲಯದ್ದು. ಚಳಿ ದೇಶದವರು ಇದನ್ನು ತೋಟದಲ್ಲಿ ಚೆಂದಕ್ಕೆ ಬೆಳೆಸ್ತಾರೆ, ಅಲ್ಲಿಯೂ ಸುಲಭಕ್ಕೆ ಬರುದಿಲ್ಲ,” ಎಂದರು. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, “ಸರ್, ನಮಗೆ ನೋಡ್ಲಿಕ್ಕೆ ಎಲ್ಲಿ ಸಿಗ್ತದೆ?” “ನಿಮಗಾ? ಪರೀಕ್ಷೆಯಲ್ಲಿ ಸಿಗ್ತದೆ,” ಎಂದರು ಸರ್.

ನಮ್ಮ ಕಡೆ ಗುರುತಿಲ್ಲದ ಇಬ್ಬರು ಮದುವೆಮನೆಯಲ್ಲಿ ಪಕ್ಕಪಕ್ಕ ಊಟಕ್ಕೆ ಕೂತರೆ ಸಾರು ಬರುವ ಮೊದಲೇ ಬಳಿ ಕೇಳಿಕೊಳ್ಳುತ್ತಾರೆ. ಬಳಿ ಎಂದರೆ ವಂಶದ ಹೆಸರು. ಒಬ್ಬರು ಬೆಟ್ಟಂಪಾಡಿಯವರು, ಇನ್ನೊಬ್ಬರು ಘಟ್ಟದ ಬುಡದವರು. ಬಣ್ಣ ಬೇರೆ, ಮೂಗು ಬೇರೆ. ಬಳಿ ಒಂದೇ ಆದರೆ ಆ ಕ್ಷಣದಿಂದ ಅವರು ಅಣ್ಣ ತಮ್ಮ, ಅವರ ಮಕ್ಕಳ ನಡುವೆ ಮದುವೆ ಆಗದು. ಮುಖ ನೋಡಿ ಹೇಳುವ ಸಂಬಂಧ ಅಲ್ಲ ಅದು. ಆ ಚಿತ್ರ ನೋಡಿದ ದಿನ ನನಗೆ ವರ್ಗೀಕರಣ ಅರ್ಥವಾದದ್ದು ಹೀಗೆ. ಅದುವರೆಗೆ ಅದು ಬಾಯಿಪಾಠ. ಅಂದಿನಿಂದ ಅದು ನೆಂಟಸ್ತಿಕೆ. ಕಬಕದ ಹಳಿಯ ಕಳೆಯ ಒಂದು ದಾಯಾದಿ ಹಿಮ ಕರಗುವ ಜಾಗದಲ್ಲಿ ನೀಲಿಯಾಗಿ ನಿಂತಿದೆ ಎಂದು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಸುಳ್ಯದವರೆಗೂ ಯೋಚಿಸಿದ್ದೆ.

ಅಂಥ ಗಿಡ ಈಗ ನನ್ನ ತಮ್ಮನ ಕೈಗೆ ಚುಚ್ಚಿತ್ತು.

ವಾರದ ದಿನಗಳಲ್ಲಿ ನಾನು ಕಡಬದಲ್ಲೇ ಒಂದು ರೂಮಿನಲ್ಲಿ ಇರುವುದು. ಸಂಜೆ ಶಾಲೆ ಬಿಟ್ಟ ಮೇಲೆ ಅವನಿಗೆ ಫೋನ್ ಮಾಡಿದೆ. ಅವನಿಗೆ ರಸ್ತೆಯ ಒಂದು ತಿರುವಿನಲ್ಲಿ ಮಾತ್ರ ಮೊಬೈಲಿನ ರೇಂಜ್ ಸಿಗುವುದು. ಪುಣ್ಯಕ್ಕೆ ಗಿಡ ಇರುವುದೂ ಅದೇ ತಿರುವಿನ ಮೇಲೆ.

“ಅದನ್ನು ಮುಟ್ಟಬೇಡ,” ಎಂದೆ.

“ನಾನೆಲ್ಲಿ ಮುಟ್ಟಿದೆ? ಅದು ನನ್ನನ್ನು ಮುಟ್ಟಿದ್ದು.”

“ತಮಾಷೆ ಬೇಡ ಮಾರಾಯ. ಅರಳಿದ ಕೂಡ್ಲೆ ವೀಡಿಯೋ ಕಾಲ್ ಮಾಡ್ಬೇಕು. ಫೋಟೋ ಸಾಕಾಗುದಿಲ್ಲ, ನನಗೆ ಅದರ ಹೊಟ್ಟೆ ನೋಡ್ಲಿಕ್ಕುಂಟು.”

“ಹೊಟ್ಟೆಯಾ? ನೀನು ಡಾಕ್ಟರ್ ಆದದ್ದು ಯಾವಾಗ?” ಎಂದ. ಆಮೇಲೆ, “ಅಕ್ಕ, ಒಂದು ವಿಷಯ ಉಂಟು. ಈ ಬದಿಗೆ ಸುಣ್ಣ ಹಾಕಿ ಆಗಿದೆ.”

“ಸುಣ್ಣ ಅಂದರೆ?”

“ಕಡಿಯುವ ಜಾಗಕ್ಕೆ ಸುಣ್ಣದ ಗೆರೆ ಹಾಕ್ತಾರೆ. ಗಿಡ ಗೆರೆಯ ಒಳಗೆ ಉಂಟು. ನಾವೀಗ ಕೆಳಗಿನ ತಿರುವಿನಲ್ಲಿದ್ದೇವೆ. ಬಂಡೆ ಗಟ್ಟಿ ಸಿಕ್ಕಿದ್ರೆ ಒಂದೆರಡು ದಿನ ಹೆಚ್ಚು. ಇಲ್ಲದಿದ್ರೆ ಈ ವಾರ ಇಲ್ಲಿಗೆ ಮುಟ್ತೇವೆ.”

“ಅದನ್ನು ಕಡಿಯುದು ಯಾರು?”

“ಯಾರು ಅಂದ್ರೆ? ನಾನೇ.”

ಗಿಡಕ್ಕೆ ಒಂದು ವಾರ ಇತ್ತು. ನನಗೂ ಅಷ್ಟೇ.

ಹೊಟ್ಟೆ ನೋಡಬೇಕು ಎಂದು ನಾನು ಹೇಳಿದ್ದಕ್ಕೆ ಕಾರಣ ಇತ್ತು. ನಾವು ಪಾಯಸಕ್ಕೆ ಹಾಕುವ ಗಸಗಸೆಯ ಗಿಡ ಪಪಾವರ್ ಎಂಬ ಜಾತಿಗುಂಪಿನದು. ಅದರ ಕಾಯಿಯ ನೆತ್ತಿಯಲ್ಲಿ ಒಂದು ಚಪ್ಪಟೆ ಮುಚ್ಚಳ ಕೂತಿರುತ್ತದೆ, ಕುತ್ತಿಗೆ ಇಲ್ಲ. ಹಿಮಾಲಯದ ನೀಲಿಯ ಗುಂಪಿಗೆ ಮೆಕನಾಪ್ಸಿಸ್ ಎಂದು ಹೆಸರು. ಗಸಗಸೆಯಂತೆ ಕಾಣುವುದು ಎಂದು ಅದರ ಅರ್ಥ. ಅಲ್ಲಿ ಕಾಯಿಗೂ ಮೇಲಿನ ಮುಡಿಗೂ ನಡುವೆ ಸಣ್ಣದೊಂದು ಕುತ್ತಿಗೆ ಇರಬೇಕು. ಮೈಯಲ್ಲೆಲ್ಲಾ ಮುಳ್ಳಿದ್ದು, ಬಂಡೆಯ ಸಂದಿನಲ್ಲಿ ಬೆಳೆದು, ಹೂ ನೀಲಿಯಾಗಿದ್ದರೆ ಅದು ಅಕ್ಯುಲಿಯೇಟ, ಎಂದರೆ ಮುಳ್ಳಿನದು. ಫೋಟೋ ನೋಡಿಯೇ ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಆದರೆ ನಾನು ಕಲಿತ ಕ್ರಮದಲ್ಲಿ ಹೂವಿನ ಒಳಗೆ ನೋಡದೆ ಹೆಸರು ಹೇಳುವಂತಿಲ್ಲ.

ಮರುದಿನ ಮಧ್ಯಾಹ್ನ ಇನ್ನೊಂದು ಫೋಟೋ ಬಂತು. ‘ಇಲ್ಲಿ ಆಲಿಕಲ್ಲು ಮಳೆ. ಹೆದರಬೇಡ, ಮೇಲಿನ ಮೊಗ್ಗಿಗೆ ತೊಟ್ಟೆ ಕಟ್ಟಿದ್ದೇನೆ.’

ತೊಟ್ಟೆ ಎಂದರೆ ಪ್ಲಾಸ್ಟಿಕ್ ಚೀಲ. ಇದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ಕೆಲಸ. ನಮ್ಮಲ್ಲಿ ಹಾಗಲದ ಮಿಡಿಗೆ ನೊಣ ಕೂರದಂತೆ ತೊಟ್ಟೆ, ಪೇರಳೆಗೆ ಬಾವಲಿ ಬಾರದಂತೆ ತೊಟ್ಟೆ. ಮದ್ದು ಬಿಡಲು ಜನ ಸಿಗದ ವರ್ಷ ಅಡಿಕೆಯ ಗೊನೆಗೂ ಕೊಳೆರೋಗ ಬಾರದಂತೆ ದೊಡ್ಡ ಪ್ಲಾಸ್ಟಿಕ್ ತೊಟ್ಟೆ. ಪ್ರೀತಿಯ ಯಾವುದೇ ಗಿಡ ಮಳೆಯಲ್ಲಿ ನೆನೆಯುವುದು ಕಂಡರೆ ನಮ್ಮ ಕೈ ತನ್ನಷ್ಟಕ್ಕೆ ತೊಟ್ಟೆ ಹುಡುಕುತ್ತದೆ. ತಮ್ಮ ಬನ್ನಿನ ತೊಟ್ಟೆಯನ್ನು ಮೊಗ್ಗಿನ ಮೇಲೆ ಹಾಕಿ, ಕೆಳಗೆ ನೂಲು ಸುತ್ತಿ, ಅಪ್ಪ ಹಾಗಲಕ್ಕೆ ಹಾಕುವ ಅದೇ ಗಂಟು ಹಾಕಿದ್ದ. ಗಂಟು ಬಹಳ ಚೆಂದ ಬಂದಿತ್ತು.

ಫೋನ್ ಮಾಡಿದೆ. ಸಿಗಲಿಲ್ಲ. ‘ತೊಟ್ಟೆ ಬಿಚ್ಚು’ ಎಂದು ಬರೆದೆ. ಆ ಮೆಸೇಜು ಅವನಿಗೆ ಮುಟ್ಟಿದ್ದು ಮರುದಿನ. ಅಷ್ಟು ಎತ್ತರದಲ್ಲಿ ಮಳೆ ನಿಂತ ಕೂಡಲೇ ಬಿಸಿಲು ಚುರುಗುಟ್ಟುತ್ತದೆ. ತೊಟ್ಟೆಯ ಒಳಗೆ ಹಬೆ ಕಟ್ಟಿ, ಅರಳಲು ಹೊರಟಿದ್ದ ಎಸಳು ಪ್ಲಾಸ್ಟಿಕ್ಕಿಗೆ ಅಂಟಿ ಕಂದಾಗಿತ್ತು. ವರ್ಷವೂ ತಿಂಗಳುಗಟ್ಟಲೆ ಹಿಮ ತಡೆಯುವ ಗಿಡ ಒಂದು ಬನ್ನಿನ ತೊಟ್ಟೆಯನ್ನು ತಡೆಯಲಿಲ್ಲ.

“ಬಯ್ಯುದಾದ್ರೆ ಬೈದುಬಿಡು. ರೇಂಜ್ ಹೋಗ್ತದೆ,” ಎಂದ.

ನನಗೆ ಬೈಯಲು ಬರಲಿಲ್ಲ. ಅವನು ಹತ್ತನೇ ತರಗತಿಗೆ ಶಾಲೆ ಬಿಟ್ಟವನು. ನನ್ನ ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕಾದ ಗಿಡಗಳನ್ನು ಗುಡ್ಡೆ ಗುಡ್ಡೆ ತಿರುಗಿ ತಂದುಕೊಟ್ಟವನೂ ಅವನೇ. “ಕೆಳಗಿನ ಮೊಗ್ಗು ಹೇಗುಂಟು?” ಎಂದು ಕೇಳಿದೆ.

“ಗಟ್ಟಿ ಉಂಟು.”

“ಈ ಗಿಡದಲ್ಲಿ ತುದಿಯದ್ದು ಮೊದಲು, ಕೆಳಗಿನದ್ದು ಆಮೇಲೆ ಅರಳುದು. ಇನ್ನು ಅದರ ಸರದಿ. ಅದಕ್ಕೆ ಎಂತದೂ ಕಟ್ಟಬೇಡ.”

“ಇಲ್ಲ. ಕೊಡೆ ಹಿಡಿದು ನಿಲ್ಲುದೂ ಇಲ್ಲ. ಸಾಕಾ?”

ಕಾಯುವ ಆ ದಿನಗಳಲ್ಲಿ ನಾನು ಹಳೆಯ ಪಾಠಗಳ ಜೊತೆ ಹೊಸ ಸಂಗತಿಗಳನ್ನೂ ಓದಿದೆ. ಕಾಲೇಜಿನಲ್ಲಿ ನಮಗೆ ಹೇಳದ ಒಂದು ಕತೆ ಸಿಕ್ಕಿತು. ಮೆಕನಾಪ್ಸಿಸ್ ಎಂಬ ಹೆಸರು ಮೊದಲು ಇಟ್ಟದ್ದು ಹಿಮಾಲಯದ ಗಿಡಕ್ಕಲ್ಲ, ಯುರೋಪಿನ ಪಶ್ಚಿಮದ ಅಂಚಿನಲ್ಲಿ ಬೆಳೆಯುವ ಒಂದು ಹಳದಿ ಹೂವಿನ ಗಿಡಕ್ಕೆ. ಕಾಯಿಗೆ ಕುತ್ತಿಗೆ ಇದೆ ಎಂದು ಅದನ್ನು ಪಪಾವರಿನಿಂದ ಬೇರೆ ಮಾಡಿ ಹೊಸ ಹೆಸರು ಕೊಟ್ಟರು. ಹಿಮಾಲಯದ ನೀಲಿಗಳು ಕಂಡ ಮೇಲೆ ಅವಕ್ಕೂ ಕುತ್ತಿಗೆ ಇದೆಯೆಂದು ಅದೇ ಗುಂಪಿಗೆ ಸೇರಿಸಿದರು. ಆಮೇಲೆ ವಂಶವಾಹಿ ಪರೀಕ್ಷಿಸುವ ಕಾಲ ಬಂತು. ನೋಡಿದರೆ ಆ ಹಳದಿಯದ್ದು ಪಪಾವರಿನದೇ ರಕ್ತ. ನೀಲಿಗಳಿಗೆ ಅದು ಹತ್ತಿರದ ನೆಂಟನಲ್ಲ. ಅದು ತನ್ನ ಮೂಲದವರ ಜೊತೆ ಹೋಯಿತು. ನಿಯಮದ ಪ್ರಕಾರ ಹೆಸರೂ ಅದರ ಹಿಂದೆಯೇ ಹೋಗಬೇಕು, ಏಕೆಂದರೆ ಹೆಸರು ತಂದದ್ದು ಅದೇ. ಹೋದರೆ ಹಿಮಾಲಯದ ಇಷ್ಟು ಗಿಡಗಳು ಹೆಸರಿಲ್ಲದೆ ನಿಲ್ಲಬೇಕು. ಕೊನೆಗೆ ಸಸ್ಯಶಾಸ್ತ್ರಜ್ಞರು ಸೇರಿ, ಹೆಸರು ನೀಲಿಗಳಲ್ಲೇ ಇರಲಿ ಎಂದು ತೀರ್ಮಾನ ಮಾಡಿದರಂತೆ.

ನಮ್ಮ ಕಡೆಯ ಮನೆ ಹೆಸರಿನ ಸಂಗತಿ ಗೊತ್ತಿದ್ದವರಿಗೆ ಇದು ವಿಚಿತ್ರ ಅನಿಸದು. ಜಾಗ ಮಾರಿ ಎಷ್ಟೋ ಕಾಲವಾಗಿರುತ್ತದೆ, ಆ ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ಊರವರು ಹೊಸಬರನ್ನೂ ಆ ಹೆಸರಿನಿಂದಲೇ ಕರೆಯುತ್ತಾರೆ. ನನಗೆ ಬೆರಗಾದದ್ದು ಇಷ್ಟಕ್ಕೆ: ಕಣ್ಣಿಗೆ ಕಾಣುವ ಕುತ್ತಿಗೆಯನ್ನು ನಂಬಿ ಇಷ್ಟು ಕಾಲ ಮಾಡಿದ ಲೆಕ್ಕ ರಕ್ತ ನೋಡಿದಾಗ ಒಂದು ಕಡೆ ತಪ್ಪಿತು, ತಪ್ಪಿತು ಎಂದು ಅವರು ಒಪ್ಪಿಕೊಂಡರು, ಒಪ್ಪಿಕೊಂಡ ಮೇಲೂ ಹಿಮಾಲಯದ ಗಿಡಗಳನ್ನು ಅನಾಥ ಮಾಡಲಿಲ್ಲ. ಇನ್ನೊಂದು ಸಂಗತಿಯನ್ನೂ ಓದಿದೆ. ಅದು ಗೊತ್ತಾಗದೆ ಇದ್ದಿದ್ದರೆ ಸಮಾಧಾನದಲ್ಲಿ ಇರುತ್ತಿದ್ದೆ. ಈ ಮುಳ್ಳಿನ ನೀಲಿ ಹಲವು ವರ್ಷ ಬರೀ ಎಲೆಯಾಗಿ ಬಂಡೆಗೆ ಅಂಟಿಕೊಂಡು ಕೂರುತ್ತದೆ. ಒಂದು ಬೇಸಗೆಯಲ್ಲಿ ಹೂ ಬಿಡುತ್ತದೆ, ಬೀಜ ಮಾಡುತ್ತದೆ, ಸಾಯುತ್ತದೆ. ಅದರ ಬಾಳಿನಲ್ಲಿ ಹೂವಿನ ಕಾಲ ಒಂದೇ.

ಜಿಲ್ಲೆಯ ಶಾಲೆಗಳಿಗೆ ಮಳೆ ರಜೆ ಸಿಕ್ಕಿತು. ನಾನು ಮನೆಗೆ ಬಂದೆ. ಮರ್ಕಂಜದ ನಮ್ಮ ಮನೆಯ ಬಳಿ ಮೊಬೈಲಿಗೆ ಸಮಯ ತೋರಿಸುವುದು ಬಿಟ್ಟು ಬೇರೆ ಕೆಲಸ ಇಲ್ಲ. ಮೇಲೆ ಕೆಂಪು ಮುರಕಲ್ಲಿನ ಒಂದು ಗುಡ್ಡೆ ಇದೆ. ಎಲ್ಲರೂ ಅದಕ್ಕೆ ರೇಂಜ್ ಗುಡ್ಡೆ ಎನ್ನುತ್ತಾರೆ. ಮಕ್ಕಳಿಗೆ ಆನ್‌ಲೈನ್ ಕ್ಲಾಸು ನಡೆದ ಸಮಯದಲ್ಲಿ ಊರವರು ಅಲ್ಲಿ ನಾಲ್ಕು ಕಂಬ ನೆಟ್ಟು ಟರ್ಪಾಲು ಕಟ್ಟಿದ್ದರು. ಟರ್ಪಾಲು ಬದಲಾಗಿದೆ, ಕಂಬ ಅದೇ.

ಮಧ್ಯಾಹ್ನ ಹೂ ತೋರಿಸುತ್ತೇನೆ ಎಂದು ತಮ್ಮ ಮೊದಲೇ ತಿಳಿಸಿದ್ದ; ನಾನು ಗುಡ್ಡೆಗೆ ಹೊರಟಾಗ ಅಮ್ಮನೂ ಹೊರಟಳು. ಮಗನ ಮುಖ ನೋಡದೆ ಅವಳಿಗೆ ತಿಂಗಳುಗಳಾಗಿತ್ತು. ಮಂಡಿನೋವು ಎಂದು ಪೇಟೆಗೂ ಹೋಗದವಳು ಕೊಡೆಯನ್ನು ಊರುಗೋಲು ಮಾಡಿಕೊಂಡು ನನಗಿಂತ ಮುಂದೆ ಗುಡ್ಡೆ ಹತ್ತಿದಳು. ಅಪ್ಪನಿಗೆ ಫೋನಿನಲ್ಲಿ ಮಾತು ಬರುವುದಿಲ್ಲ. “ಸೌಖ್ಯವಾ ಹೇಳಿ ಕೇಳಿದೆ ಅನ್ನು,” ಎಂದು ಜಗುಲಿಯಲ್ಲೇ ಉಳಿದ.

ಟರ್ಪಾಲಿನ ಅಡಿಯಲ್ಲಿ ಪಕ್ಕದ ಮನೆಯ ಅಕ್ಕ ಮೊದಲೇ ಇದ್ದರು. ಅವರ ಗಂಡ ಗಲ್ಫಿನಲ್ಲಿ. ಅವರ ಕಾಲ್ ಮುಗಿದಿತ್ತು. ಮಳೆ ಸಣ್ಣದಾಗಲಿ ಎಂದು ಕೂತಿದ್ದರು.

“ಎಂತ ಟೀಚರೇ, ಅಮ್ಮನನ್ನೂ ಹತ್ತಿಸಿದ್ದೀರಿ?”

“ತಮ್ಮ ಹೂ ತೋರಿಸ್ತಾನೆ,” ಎಂದೆ.

“ನಿಮಗೆ ಹೂವಾದ್ರೂ ಉಂಟು. ನಮ್ಮವರು ದಿನಾ ರೂಮಿನ ಫ್ಯಾನ್ ತೋರಿಸ್ತಾರೆ.”

ಫೋನು ಬಂತು. ಮೊದಲು ಚೌಕ ಚೌಕ ಬಣ್ಣ. ಆಮೇಲೆ ತಮ್ಮ. ಮಂಕಿ ಟೊಪ್ಪಿ, ತುಟಿ ಒಡೆದಿತ್ತು, ಕೆನ್ನೆ ಸುಟ್ಟ ಹಾಗೆ.

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಮೋರೆ ಎಂತ ಹೀಗಾದ್ದು ಮಗ? ಉಂಡಿಯಾ?”

“ಉಂಡೆ. ಇಲ್ಲಿ ಬಿಸಿಲೂ ಚಳಿಯೂ ಒಟ್ಟಿಗೆ ಅಮ್ಮ. ಅಪ್ಪ ಎಲ್ಲಿ?”

“ಅವರು ಸೌಖ್ಯವಾ ಹೇಳಿ ಕೇಳಿದ್ರು. ಎಣ್ಣೆ ಹಚ್ಚು ಕೆನ್ನೆಗೆ. ಗಂಜಿ ಸಿಗ್ತದಾ ಅಲ್ಲಿ?”

“ಗಂಜಿ ಆಮೇಲೆ. ಅಮ್ಮ, ಅರಳಿಯಾಯಿತು. ನೋಡು. ಸಂಜೆಯೊಳಗೆ ನಾವು ಈ ತಿರುವಿಗೆ ಬರ್ತೇವೆ.”

ಕ್ಯಾಮೆರಾ ತಿರುಗಿತು.

ಇದನ್ನು ನಾನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಆ ನೀಲಿ ಆಕಾಶದ್ದಲ್ಲ. ಬಟ್ಟೆಗೆ ಹಾಕುವ ನೀಲಿಯೂ ಅಲ್ಲ. ಹೊಳೆಯ ಮೇಲೆ ಮಿಂಚುಳ್ಳಿ ಹಾರಿಹೋದಾಗ ಬೆನ್ನಿನಲ್ಲಿ ಒಂದು ಬಣ್ಣ ಕಂಡು, ಕಂಡಿತು ಎಂದು ತಿಳಿಯುವಷ್ಟರಲ್ಲಿ ಹೋಗುತ್ತದಲ್ಲ, ಆ ಬಣ್ಣ ಹೋಗದೆ ನಿಂತುಕೊಂಡಿತ್ತು. ನಾಲ್ಕು ಎಸಳು. ಮೊಗ್ಗಿನೊಳಗೆ ಮುದುಡಿಕೊಂಡಿದ್ದ ಸುಕ್ಕು ಇನ್ನೂ ಬಿಟ್ಟಿರಲಿಲ್ಲ, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ರೇಷ್ಮೆಯ ಹಾಗೆ. ಹಿಂದಿನಿಂದ ಬಿಸಿಲು ಬಿದ್ದು ಎಸಳಿನ ನರ ನರವೂ ಕಾಣುತ್ತಿತ್ತು. ನಡುವೆ ಅರಸಿನ ಹಳದಿಯ ಕೇಸರಗಳ ಗುಂಪು. ಸುತ್ತ ಬರೀ ಬೂದು ಕಲ್ಲು, ಹಿಂದೆ ಹಿಮ ಕೂತ ಬೆಟ್ಟ. ದಂಟಿನ ಮುಳ್ಳಿನ ತುದಿ ತುದಿಯಲ್ಲಿ ಬೆಳಕು. ಗಾಳಿಗೆ ಇಡೀ ಗಿಡ ನಡುಗುತ್ತಿತ್ತು. ತಮ್ಮನ ಒಂದು ಅಂಗೈ, ಗ್ರೀಸ್ ಹಿಡಿದದ್ದು, ಗಾಳಿಗೆ ಅಡ್ಡ ನಿಂತಿತ್ತು.

ನಮ್ಮ ಟರ್ಪಾಲಿನ ಮೇಲೆ ಮಳೆ ಜೋರಾಯಿತು. ಪಕ್ಕದ ಮನೆಯ ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಕೊನೆಗೆ ಮೆಲ್ಲ ಕೇಳಿದರು, “ಇದು ನಿಜದ ಹೂವಾ ಟೀಚರೇ? ಫಿಲ್ಟರ್ ಹಾಕಿದ್ದಲ್ಲನಾ?”

“ನಿಜದ್ದು,” ಎಂದೆ.

“ಅಕ್ಕ, ಬೇಗ. ಎಂತ ನೋಡ್ಬೇಕು ಹೇಳು.”

“ಹೂವಿನ ಕೆಳಗೆ ಹಸಿರು ಚಿಪ್ಪು ಉಂಟಾ?”

“ಇಲ್ಲ. ಬೆಳಿಗ್ಗೆ ಎರಡು ಇತ್ತು. ಬಿದ್ದಿದೆ, ಇಲ್ಲಿ ಕಲ್ಲಿನ ಮೇಲೆ.”

“ಹಳದಿಯ ನಡುವೆ ಒಂದು ಮುಳ್ಳಿನ ಉಂಡೆ ಇರ್ಬೇಕು.”

“ಉಂಟು. ಪುಟ್ಟ ಮುಳ್ಳುಹಂದಿ.”

“ಅದರ ಮೇಲೆ ನೋಡು. ಮುಚ್ಚಳ ಸೀದಾ ಕೂತದ್ದಾ, ಅಲ್ಲ ಕುತ್ತಿಗೆ ಉಂಟಾ?”

ಅವನು ಫೋನು ಹತ್ತಿರ ತಂದ. ಚಿತ್ರ ಮಸುಕಾಗಿ, ಮತ್ತೆ ತಿಳಿಯಾಯಿತು. ಅವನು ಹೇಳುವ ಮೊದಲೇ ನನಗೆ ಕಂಡಿತ್ತು. ಆದರೂ ಅವನ ಬಾಯಿಂದ ಕೇಳಬೇಕಿತ್ತು.

“ಕುತ್ತಿಗೆ ಉಂಟು. ನಿನ್ನ ಹಾಗೆಯೇ, ಗಿಡ್ಡ.”

ನಾನು ಅದರ ಪೂರ್ತಿ ಹೆಸರು ಹೇಳಿದೆ, ಬಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಹಾಗೆ. ಮೆಕನಾಪ್ಸಿಸ್ ಅಕ್ಯುಲಿಯೇಟ. ಹೆಸರು ಇಷ್ಟು ವರ್ಷ ನನ್ನ ಬಾಯಲ್ಲಿತ್ತು, ಗಿಡ ಅಲ್ಲಿತ್ತು. ಎರಡೂ ಒಂದೇ ಕಡೆ ಸೇರಿದ್ದು ಆಗ.

ಅಮ್ಮ ಪರದೆಗೆ ಮುಖ ತಾಗುವಷ್ಟು ಹತ್ತಿರ ಕೂತಿದ್ದಳು. “ಇದರಲ್ಲಿ ಹಾಲು ಬರ್ತದಾ ಮಗಳೇ?” ಎಂದು ಕೇಳಿದಳು. ರಬ್ಬರಿನವಳಿಗೆ ಆ ಪ್ರಶ್ನೆ ಬಾರದೆ ಇರುತ್ತದೆಯೇ?

“ಬರ್ತದೆ. ಆದರೆ ಗೀರಿ ನೋಡುದು ಬೇಡ.”

“ಅಲ್ಲ, ಯಾರು ಗೀರ್ತಾರೆ ಇದನ್ನು?” ಎಂದಳು. ಆಮೇಲೆ, “ಇದು ಇನ್ನು ಎಷ್ಟು ದಿನ ಇರ್ತದೆ?”

ನಾನು ಓದಿದ್ದನ್ನು ಹೇಳಿದೆ. ಒಂದೇ ಸಲ ಹೂ ಬಿಡುವುದು, ಬೀಜ ಆದ ಮೇಲೆ ಸಾಯುವುದು. ಸಂಜೆ ಈ ಬದಿ ಕಡಿದರೆ ಬೀಜವೂ ಇಲ್ಲ.

“ಇದನ್ನು ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?” ಎಂದ ತಮ್ಮ.

“ಹೇಳಿ ಎಂತ ಮಾಡುದು? ಕಡಿಯುದು ನಿನ್ನ ಕೆಲಸ.”

“ಬುಡದ ಮಣ್ಣಿನ ಒಟ್ಟಿಗೆ ಎಬ್ಬಿಸಿ ಮೇಲೆ ಇಡ್ಲಿಕ್ಕೆ ಆಗುದಿಲ್ವಾ?” ಎಂದಳು ಅಮ್ಮ. “ಸಸಿ ಎಬ್ಬಿಸುದಿಲ್ವಾ ನಾವು?”

“ಇದರ ಬೇರು ಕಲ್ಲಿನ ಸಂದಿನಲ್ಲಿ ಆಳಕ್ಕೆ ಇಳಿದಿರ್ತದೆ ಅಮ್ಮ. ಹಾರೆ ಹಾಕಿದರೆ ತುಂಡಾಗ್ತದೆ. ಕಿತ್ತು ನೆಟ್ಟರೆ ಬದುಕುದು ಕಷ್ಟ ಹೇಳಿ ಪುಸ್ತಕದಲ್ಲಿ ಉಂಟು.”

“ನನ್ನ ಕೈಯಲ್ಲಿರುದು ಹಾರೆಯಲ್ಲ,” ಎಂದ ತಮ್ಮ.

ಅಷ್ಟು ಹೇಳುವಾಗ ಚಿತ್ರ ನಿಂತಿತು. ಅವನ ಅಂಗೈ, ನೀಲಿ ಹೂ, ಹಾಗೆಯೇ ಪರದೆಯಲ್ಲಿ ಗಟ್ಟಿಯಾಗಿ ಕೂತವು. ಆಮೇಲೆ ಅದೂ ಹೋಯಿತು. ಅಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ನನಗೆ ಕೊಟ್ಟಳು. ಮಗನನ್ನು ಅವಳು ನೋಡಿದ್ದು ಗಂಜಿಯ ಮಾತು ಮುಗಿಯುವವರೆಗೆ ಮಾತ್ರ. ಇಳಿಯುವಾಗ “ಅಷ್ಟು ಚಳಿಯಲ್ಲಿ ಅಷ್ಟು ಸಪೂರದ ಎಸಳು ಮಗಳೇ,” ಎಂದು ಎರಡು ಸಲ ಹೇಳಿದಳು.

ನಡೆದದ್ದನ್ನು ತಮ್ಮ ಆಮೇಲೆ ಹೇಳಿದ. ಸಂಜೆ ಆ ಬದಿಗೆ ಮುಟ್ಟಿದಾಗ ಅವನು ಗಿಡದ ಕೆಳಗಿನ ಬಂಡೆಯನ್ನೂ, ಸುತ್ತಲಿನ ಮಣ್ಣನ್ನೂ ಸೇರಿಸಿ, ಯಂತ್ರದ ಬಕೆಟನ್ನು ಆಳದಿಂದ ಹಾಕಿ, ಒಂದೇ ಗಡ್ಡೆಯಾಗಿ ಎತ್ತಿದ. ಅನ್ನದ ಮೇಲಿಂದ ಬಾಳೆಎಲೆ ಎತ್ತಿದ ಹಾಗೆ ಮೆಲ್ಲ ಎತ್ತಿದೆ ಎಂದ. ಸುಣ್ಣದ ಗೆರೆಯ ಮೇಲೆ, ಇನ್ನು ಯಾರೂ ಕಡಿಯದ ಕಡೆ ಒಂದು ಗುಂಡಿ ಮಾಡಿಟ್ಟಿದ್ದ, ಅದರಲ್ಲಿ ಇಳಿಸಿದ. ಸೂಪರ್‌ವೈಸರ್ ನೋಡುತ್ತಾ ನಿಂತಿದ್ದರಂತೆ. ಅಲ್ಲಿಯವರಿಗೆ ನಾವೆಲ್ಲ ಮದ್ರಾಸಿಗಳು. “ಈ ಮದ್ರಾಸಿಗೆ ಮೆದುಳಿಗೆ ಚಳಿ ಹಿಡಿದಿದೆ,” ಎಂದು ಹೇಳಿ ಬೀಡಿ ಹಚ್ಚಿದರಂತೆ. ನಿಲ್ಲಿಸಲಿಲ್ಲ.

ಗಿಡ ಮರುದಿನವೇ ಬಾಡಿತು. ಕೆಳಗಿನ ಮೊಗ್ಗುಗಳು ಅರಳದೆ ಒಣಗಿದವು. ನೀಲಿ ಎಸಳು ಉದುರಿತು. ಆದರೆ ಆ ಒಂದು ಹೂವಿನ ಉಂಡೆ ಹಸಿರಾಗಿಯೇ ಉಳಿದಿದೆ ಎಂದು ಫೋಟೋ ಕಳುಹಿಸಿದ. ಬೇರು ಪೂರ್ತಿ ತುಂಡಾಗಿರಲಿಲ್ಲವೋ, ಇಲ್ಲ ಗಿಡ ತನ್ನ ಮೈಯಲ್ಲಿ ಇದ್ದದ್ದನ್ನೆಲ್ಲ ಆ ಒಂದು ಕಾಯಿಗೆ ಕೊಟ್ಟಿತೋ, ನನಗೆ ತಿಳಿಯದು. ಅವರ ಕೆಲಸ ಮುಂದಿನ ತಿರುವುಗಳಿಗೆ ಹೋಯಿತು. ನಮ್ಮಲ್ಲಿ ಮಳೆ ಬಿಟ್ಟು ಅಮ್ಮನ ಟ್ಯಾಪಿಂಗ್ ಶುರುವಾಯಿತು. ನಾನು ಒಂಬತ್ತನೇ ತರಗತಿಗೆ ವರ್ಗೀಕರಣದ ಪಾಠ ಮುಗಿಸಿದೆ. ಪುಸ್ತಕದಲ್ಲಿ ಅರ್ಧ ಪುಟ ಇದ್ದದ್ದಕ್ಕೆ ಎರಡು ಪೀರಿಯಡ್ ತೆಗೆದುಕೊಂಡೆ.

ಅಲ್ಲಿ ಹಿಮ ಬೀಳುವ ಮೊದಲು ಕ್ಯಾಂಪ್ ಮುಚ್ಚುತ್ತದೆ. ಇಳಿದು ಬರುವ ದಿನ ತಮ್ಮ ಆ ತಿರುವಿನಲ್ಲಿ ಲಾರಿ ನಿಲ್ಲಿಸಿ ಫೋನ್ ಮಾಡಿದ. ಭಾನುವಾರ. ನಾನೂ ಅಮ್ಮನೂ ಗುಡ್ಡೆಯ ಮೇಲೆ ಕಾಯುತ್ತಿದ್ದೆವು. ಗಿಡ ಸತ್ತಿತ್ತು. ಎಲೆ ಕಪ್ಪಾಗಿ ನೆಲಕ್ಕೆ ಅಂಟಿತ್ತು. ದಂಟು ಮಾತ್ರ ಒಣಗಿ ನೆಟ್ಟಗೆ ನಿಂತಿತ್ತು, ತುದಿಗಿಂತ ತುಸು ಕೆಳಗೆ ಕಂದು ಮುಳ್ಳಿನ ಒಂದೇ ಕಾಯಿ. ಕಾಯಿಯ ನೆತ್ತಿ ಸಣ್ಣ ಸಣ್ಣ ಹಲ್ಲುಗಳಾಗಿ ಬಿರಿದಿತ್ತು. ಅವನು ದಂಟು ಬಗ್ಗಿಸಿ ಅಂಗೈಗೆ ತಟ್ಟಿದ. ಸಾಸಿವೆಗಿಂತ ಎಷ್ಟೋ ಸಣ್ಣ, ಕಪ್ಪು ಹುಡಿಯಂಥ ಬೀಜ.

“ತುಂಬ ಉಂಟು ಅಕ್ಕ. ಕಾಗದದಲ್ಲಿ ಕಟ್ಟಿ ತರ್ಲಾ?”

ನನಗೆ ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ, ಬೇಡ ಎನ್ನುವ ಮಾತು ಒಮ್ಮೆಲೇ ಬಾಯಿಗೆ ಬರಲಿಲ್ಲ. ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಹಾಕಿ ಶಾಲೆಯ ಲ್ಯಾಬಿನಲ್ಲಿ ಇಟ್ಟುಕೊಳ್ಳಬಹುದಿತ್ತು, ಮಕ್ಕಳಿಗೆ ತೋರಿಸಬಹುದಿತ್ತು. ನಮ್ಮ ಸೆಕೆಯಲ್ಲಿ ಅದು ಎಂದೂ ಮೊಳೆಯದು. ಅಮ್ಮ ನನ್ನನ್ನೇ ನೋಡುತ್ತಿದ್ದಳು.

“ಅಲ್ಲೇ ಹಾಕು,” ಎಂದೆ. “ಗೆರೆಯ ಮೇಲಿನ ಬದಿಗೆ, ಕಲ್ಲಿನ ಸಂದಿಗೆ. ಒಂದೇ ಕಡೆ ಬೇಡ.”

ಅವನು ಕಲ್ಲುಗಳ ನಡುವೆ ನಡೆದು ಚಿಟಿಕೆ ಚಿಟಿಕೆ ಉದುರಿಸಿದ. ಕೆಲವನ್ನು ಗಾಳಿಯೇ ಕೊಂಡುಹೋಯಿತು. ಕೊನೆಗೆ ಖಾಲಿ ಅಂಗೈಯನ್ನು ಕ್ಯಾಮೆರಾಕ್ಕೆ ಹಿಡಿದ. ಗ್ರೀಸು ಕೂತ ಒಂದು ಗೆರೆಯಲ್ಲಿ ಒಂದು ಬೀಜ ಸಿಕ್ಕಿಕೊಂಡಿತ್ತು.

“ಇನ್ನೊಂದು ಉಂಟು ನೋಡು,” ಎಂದಳು ಅಮ್ಮ.

ಅವನು ಬಗ್ಗಿ, ಒಂದು ಬಂಡೆಯ ಬುಡಕ್ಕೆ ಅಂಗೈ ತಾಗಿಸಿ, ಊದಿದ.